ಸಂಪಾಜೆ ಬಂಗಲೆಯ ಮಾವಿನ ಕಟ್ಟಿಗೆ

ಸಂಪಾಜೆ ಘಾಟಿಯ ಮೇಲೆ ನಾನು ಎರಡು ದಿನಕ್ಕೆ ಬಾಡಿಗೆಗೆ ಹಿಡಿದಿರುವ ಈ ಬಂಗಲೆಯನ್ನು ಕಟ್ಟಿಸಿದ ಇಂಗ್ಲಿಷ್ ದೊರೆ ತನ್ನೂರಿಗೆ ಮರಳಿ ಹತ್ತು ವರ್ಷವಾಯಿತಂತೆ. ಅವನು ಬಿಟ್ಟುಹೋದ ಅಗ್ಗಿಷ್ಟಿಕೆ ಬಿಸಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತದೆ. ಸಂಜೆ ಐದಕ್ಕೇ ಬೆರಳು ಮರಗಟ್ಟಿದವು. ಕಾವಲುಗಾರ ಕುಶಾಲಪ್ಪ ಹಾಲು ತರಲು ಹೋಗಿದ್ದ. ಅವನು ಇಟ್ಟುಹೋದ ಹಸಿ ಸೌದೆಯನ್ನು ಊದಿ ಊದಿ ಸಿಟ್ಟು ಬಂತು. ಹಿಂದಿನ ಕೊಟ್ಟಿಗೆಯಲ್ಲಿ ಬೇರೆಯಾಗಿ ಒಟ್ಟಿ ಇಟ್ಟಿದ್ದ ಒಣ ಕಟ್ಟಿಗೆಯನ್ನು ನಾನೇ ಹೊತ್ತು ತಂದೆ. ಅದು ಚೆನ್ನಾಗಿ ಉರಿಯಿತು.

ಹಾಲು ತಂದ ಕುಶಾಲಪ್ಪ ಬಾಗಿಲಲ್ಲೇ ನಿಂತ.

"ಅದು ಮಾವಿಂದು ಸ್ವಾಮೀ. ಅಪ್ಪನಿಗೆ ಅಂತ ಇಟ್ಟದ್ದು."

"ಚಳಿ ಕಾಯಿಸಲಿಕ್ಕೋ?"

"ಅಲ್ಲ, ಸುಡ್ಲಿಕ್ಕೆ. ಯಾರಾದ್ರೂ ತೀರಿಕೊಂಡ ದಿನ ಮಾವಿನ ಮರ ಕಡಿಯುದು ನಮ್ಮ ಕ್ರಮ. ಈ ಕಾಡಲ್ಲಿ ಆ ದಿನ ಕಡಿಲಿಕ್ಕೆ ಜನ ಎಲ್ಲಿ ಉಂಟು? ಅಪ್ಪನೇ ಹೇಳಿ ಮೊದಲೇ ಕಡಿಸಿದ್ದು."

ಉರಿಯುವ ಕೊಳ್ಳಿಯನ್ನು ಹೊರಗೆಳೆಯಲು ನಾನು ಬಗ್ಗಿದೆ. ಅಷ್ಟರಲ್ಲಿ ಹಿಂದಿನ ಗುಡಿಸಲಿನಿಂದ ಕಂಬಳಿ ಹೊದ್ದ ಮುದುಕ ಒಳಗೆ ಬಂದು, ಬೆಂಕಿಯೆದುರು ಕೂತು, ಹೊಗೆಯನ್ನು ಮೂಸಿದ.

"ಇದು ನಂದಲ್ವ?"

ಅವನು ಬೆಂಕಿಗೆ ಅಂಗೈ ಒಡ್ಡಿದ. ಆಮೇಲೆ ಒಂದು ಕೆನ್ನೆ, ಆಮೇಲೆ ಬೆನ್ನು. ಹೊಸ ಅಂಗಿಯನ್ನು ತೊಟ್ಟು ನೋಡುವವನ ಹಾಗೆ.

"ಒಳ್ಳೆ ಕಾವು ಉಂಟು ಮಗಾ" ಎಂದು ಮಗನಿಗೆ ಹೇಳಿ, ನನ್ನತ್ತ ತಿರುಗಿದ.

"ಇನ್ನೊಂದು ಹಾಕಿ ಮಾರಾಯ್ರೆ. ಕಾಲಿಗೆ ಇನ್ನೂ ಮುಟ್ಟಲಿಲ್ಲ."