ಗುಲಾಬಿ ಹಿಡಿದ ಅವ್ವ

ಆಗ ತೀರಿಕೊಂಡವರ ಚಿತ್ರ ಬರೆಸಲು ಒಂದು ಫೋಟೋ ಕೊಟ್ಟರೆ ಸಾಕಿತ್ತು. ಮುಖವನ್ನಷ್ಟೇ ಬರೆಯುತ್ತಿದ್ದರು, ಮೈ ಮೊದಲೇ ತಯಾರಿರುತ್ತಿತ್ತು. ಸೊಲ್ಲಾಪುರ ರಸ್ತೆಯ ಪೇಂಟರರ ಅಂಗಡಿಯಲ್ಲಿ ರೇಷ್ಮೆ ಸೀರೆಯುಟ್ಟು, ಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಗುಲಾಬಿ ಹಿಡಿದ ಮುಖವಿಲ್ಲದ ಹೆಂಗಸರು ಗೋಡೆಗೆ ಒರಗಿರುತ್ತಿದ್ದರು. ಅರವತ್ತರ ದಶಕದ ಒಂದು ಚಳಿಗಾಲ ಅಂಥ ಮೈಯೊಂದಕ್ಕೆ ನಮ್ಮ ಅವ್ವನ ಮುಖ ಕೂತಿತು. ಅದರ ಹಿಂದಿನ ಮಳೆಗಾಲದಲ್ಲಷ್ಟೇ ಅವಳು ತೀರಿಕೊಂಡಿದ್ದಳು.

ಚಿತ್ರ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನೋಡಿದರು. "ಎಷ್ಟ್ ಶಾಂತ ಕುಂತಾಳ ನೋಡ್ರಿ" ಎಂದರು. ಅಪ್ಪ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ದೊಡ್ಡ ಮನೆಯವಳಂತೆ ಕಂಡದ್ದು ಅವನಿಗೆ ಹಿಡಿಸಿತು. ನನಗೋ, ಯಾರದೋ ಮನೆಯಲ್ಲಿ ಚಹಾ ಬರಲೆಂದು ಕಾಯುತ್ತ ಕುಳಿತಂತೆ ಕಂಡಳು. ಅವ್ವ ಎಂದೂ ಹಾಗೆ ಕೂತವಳಲ್ಲ. ನಿಡೋಣಿ ಹಳ್ಳಿಯ ನಮ್ಮ ಹೊಲದಲ್ಲಿ ಎಳೆ ಜೋಳದ ಸೀತನಿ ಸುಟ್ಟರೆ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ ಸೇರಿಸಿ ನನ್ನ ಬಾಯಿಗೆ ಹಾಕುತ್ತಿದ್ದಳು. ಹೊಗೆಗೆ ಒಂದು ಕಣ್ಣು ಕಿರಿದಾಗಿ, ಸಿಟ್ಟೋ ನಗೆಯೋ ತಿಳಿಯದ ಮುಖ. ಗೋಡೆಯ ಮೇಲಿನವಳು ಆ ಮುಖವನ್ನು ಅಳಿಸಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

"ಇಕಿ ನಮ್ಮವ್ವ ಅಲ್ಲ. ನಾ ಕೈ ಮುಗಿಯಂಗಿಲ್ಲ" ಎಂದೆ.

ಅಪ್ಪ ಗದರಿಸಿದ. ಅವನ ತಾಯಿ, ನಮ್ಮ ಆಯಿ, ಪುಸಲಾಯಿಸಿ ಸೋತು, "ಹಟಾ ಮಾತ್ರ ಅವ್ವಂದ ಬಂದೈತಿ ಇಕಿಗೆ" ಎಂದಳು. ಎಳ್ಳಮಾಸಿ ಹಬ್ಬ ಕಳೆದು ಸೀತನಿ ಬಂದಾಗ ನಿಡೋಣಿಯಿಂದ ಒಂದು ತೆನೆ ಮುರಿದು ತಂದೆ. ಚಿತ್ರವನ್ನು ಹೊರಿಸಿ ಅಪ್ಪನನ್ನು ಎಳೆದುಕೊಂಡೇ ಪೇಂಟರರ ಅಂಗಡಿಗೆ ಹೋದೆ.

"ಗುಲಾಬಿ ತಗೀರಿ. ಆಕಿ ಕೈಯಾಗ ಇದನ್ನ ಕೊಡ್ರಿ."

"ತಂಗಿ, ಗುಲಾಬಿ ಅಂದ್ರ ದೊಡ್ಡ ಮನೆತನದ ಗುರುತು. ತೆನಿ ಹಿಡಿಸಿದ್ರ ಕೂಲಿಯಾಕಿ ಅಂತಾರ" ಎಂದರು ಪೇಂಟರ್.

"ಅನ್ಲಿ."

ಅಪ್ಪ ನನ್ನ ಕೈಯಿಂದ ತೆನೆ ತೆಗೆದುಕೊಂಡ. ಎರಡು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡ. ಆಮೇಲೆ, "ತೆನಿನ ಬರೀರಿ. ಒಂದ್ ಕಣ್ಣು ಸಣ್ಣ ಮಾಡ್ರಿ, ಹೊಗಿ ಹತ್ತಿದಂಗ" ಎಂದ. ಆ ಕಣ್ಣು ಅವನಿಗೂ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಚಿತ್ರ ಮರಳಿ ಬಂದಾಗ ಓಣಿಯವರು "ಯಾಕೋ ಸಿಟ್ಟಾಗ್ಯಾಳ" ಎಂದರು. ನಾನು ಗೆದ್ದ ಖುಷಿಯಲ್ಲಿ ಕೈ ಮುಗಿದೆ.

ಈಗ ಅಪ್ಪನಿಲ್ಲ, ಆಯಿಯೂ ಇಲ್ಲ. ಕಣ್ಣು ಮುಚ್ಚಿದರೆ ಚಿತ್ರ ಬರುತ್ತದೆ, ಅವಳು ಬರುವುದಿಲ್ಲ. ಪೇಂಟರರು ಎಲ್ಲಾದರೂ ತಪ್ಪಿದ್ದರೆ, ತಿದ್ದಿ ಎಂದು ಹಟ ಹಿಡಿಯುವಷ್ಟು ಅವ್ವ ಈಗ ನನ್ನಲ್ಲಿ ಉಳಿದಿಲ್ಲ.