ಅತ್ತೆ ಕೇಳಿದ ಪ್ರಶ್ನೆ

ಮೂರು ವರ್ಷ ತುಂಬಿದರೂ ನನ್ನ ಮಗಳು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಶಿವಮೊಗ್ಗದ ಮಕ್ಕಳ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ ಆಟಿಸಂ ಎಂದಾಗ ನನಗೆ ಮೊದಲು ನೆನಪಾದದ್ದು ಬಸುರಿನ ದಿನಗಳು. ಆಗ ಅನ್ನದ ವಾಸನೆಗೇ ವಾಂತಿ ಬರುತ್ತಿತ್ತು. ಮಂಡಕ್ಕಿ, ಮಜ್ಜಿಗೆಯಲ್ಲೇ ತಿಂಗಳುಗಳನ್ನು ದೂಡಿದ್ದೆ. ಈಗ ಮೊಬೈಲ್ ತೆರೆದರೆ, ಬಸುರಿ ಸರಿಯಾಗಿ ಉಣ್ಣದಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಎನ್ನುವ ವಿಡಿಯೊಗಳೇ ಕಾಣುತ್ತಿದ್ದವು. "ಅದನ್ನೆಲ್ಲ ನೋಡ್ಬೇಡ ಮಾರಾಯ್ತಿ" ಎಂದು ಗಂಡ ಹೇಳಿದರೂ ಕದ್ದು ನೋಡುತ್ತಿದ್ದೆ, ನೋಡಿ ಅಳುತ್ತಿದ್ದೆ.

ಭದ್ರಾವತಿಯ ನಮ್ಮ ಮನೆಯಲ್ಲಿ ಅತ್ತೆಯ ಮಾತು ನಿಂತೇಹೋಗಿತ್ತು. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದರು. ಮನಸ್ಸಿನಲ್ಲೇ ನನ್ನನ್ನು ದೂರುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಅತ್ತೆಯೇ ಜೊತೆಗೆ ಬಂದರು. ಮಾತು ಕಲಿಸುವ ಥೆರಪಿಯ ಬಗ್ಗೆ ಡಾಕ್ಟರು ವಿವರಿಸಿದರು. ನಾನು ಮಗಳನ್ನು ಎತ್ತಿಕೊಂಡು ಎದ್ದೆ. ಅತ್ತೆ ಏಳಲಿಲ್ಲ.

"ಡಾಕ್ಟ್ರಮ್ಮ, ಇವಳು ಬಸುರಿ ಇದ್ದಾಗ ಐರನ್ ಮಾತ್ರೆ ತಿಂದ್ರೆ ಮಗು ಕಪ್ಪಾಗುತ್ತೆ ಅಂತ ನಾನೇ ಬಿಡಿಸ್ಬಿಟ್ಟೆ. ನನ್ನಿಂದ್ಲೇ ಹಿಂಗಾಯ್ತಾ?" ಎಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಮಾತ್ರೆಯ ವಿಷಯ ನನಗೆ ಮರೆತೇಹೋಗಿತ್ತು. ಮತ್ತೆ ಕೂತು, "ನಾನೂ ಸರಿಯಾಗಿ ಊಟಾನೇ ಮಾಡಿರ್ಲಿಲ್ಲ ಡಾಕ್ಟ್ರೇ" ಎಂದೆ.

ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. "ಮಾತ್ರೆ ಬಿಡಿಸ್ಬಾರದಿತ್ತು ಅಮ್ಮ. ಬಸುರಿಗೆ ರಕ್ತ ಬೇಕು, ಒಳ್ಳೆ ಊಟ ಬೇಕು. ಆದ್ರೆ ಅದರಿಂದ್ಲೇ ಈ ಮಗುಗೆ ಹೀಗಾಯ್ತು ಅಂತ ಯಾರೂ ಹೇಳಕ್ಕಾಗಲ್ಲ. ಊಟಕ್ಕೂ ಇದಕ್ಕೂ ಎಷ್ಟು ಸಂಬಂಧ ಅಂತ ಇನ್ನೂ ಹುಡುಕ್ತಾನೇ ಇದಾರೆ. ಜೀನ್‌ಗಳಲ್ಲೇ, ಹುಟ್ಟಿನಿಂದ್ಲೇ ಬರೋ ಕಾರಣಗಳು ಜಾಸ್ತಿ. ಚೆನ್ನಾಗಿ ಉಂಡ ತಾಯಂದಿರ ಮಕ್ಕಳೂ ನನ್ನ ಹತ್ರ ಬರ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ವಾಂತಿ ಬಂದಿದ್ದು ನಿಮ್ಮ ತಪ್ಪೇನ್ರಿ?" ಎಂದರು.

ಹೊರಗೆ ಬಂದ ಮೇಲೆ ಅತ್ತೆ, "ನಂಗೆ ಹಸಿವಾಗ್ತಿದೆ ಕಣೇ" ಎಂದರು. ಗಾಂಧಿ ಬಜಾರಿನ ಹತ್ತಿರದ ಒಂದು ಹೋಟೆಲಿಗೆ ಹೋದೆವು. ದೋಸೆ ಮುರಿಯುತ್ತ, "ನೀನು ಒಳಗೊಳಗೇ ನನ್ನ ಬೈಕೊಳ್ತಿದೀಯ ಅನ್ಕೊಂಡಿದ್ದೆ" ಎಂದರು.

"ನಾನೂ ನಿಮ್ಮ ಬಗ್ಗೆ ಹಂಗೇ ಅನ್ಕೊಂಡಿದ್ದೆ ಅತ್ತೆ."

ಇಬ್ಬರಿಗೂ ನಗು ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಎಷ್ಟೋ ವಾರಗಳ ನಂತರ ನನಗೆ ಚಟ್ನಿಯ ಖಾರ ನಾಲಗೆಗೆ ತಾಗಿತು.

ಥೆರಪಿ ಈಗ ನಡೆಯುತ್ತಿದೆ. ಅಲ್ಲಿ ಹೇಳಿಕೊಟ್ಟ ಆಟಗಳನ್ನು ಮನೆಯಲ್ಲಿ ಆಡಿಸುವುದು ಹೆಚ್ಚಾಗಿ ಅತ್ತೆಯೇ. ಮಗಳಿಗೆ ಮಾತು ಇನ್ನೂ ಬಂದಿಲ್ಲ. ಆದರೆ ಮೊನ್ನೆ ಬಾಯಾರಿದಾಗ ತಾನಾಗಿ ಬಂದು, ಅತ್ತೆಯ ಬೆರಳು ಹಿಡಿದು ನೀರಿನ ಕೊಡದ ಹತ್ತಿರ ಕರೆದುಕೊಂಡು ಹೋದಳು. ಅತ್ತೆ ಅಲ್ಲಿಂದಲೇ ಕೂಗಿದರು: "ಬಾರೇ ಇಲ್ಲಿ, ನೀರು ಕೇಳಿದ್ಳು!"