ಅನ್ಸೆಲ್ಮೊನ ದವಡೆ ಹಲ್ಲು

ಪೆಲೋತಾಸ್ ಊರಿನಲ್ಲಿ ಒಂದು ಬೀದಿ ಸಿಹಿ ಮಾರುತ್ತದೆ, ಪಕ್ಕದ ಬೀದಿ ಹಲ್ಲು ಕೀಳುತ್ತದೆ. ಒಡಿಲಾಳ ಸಂಸಾರ ಎರಡೂ ಬೀದಿಗೆ ಸೇರಿದ್ದು. ಗಂಡ ಅನ್ಸೆಲ್ಮೊ ಮಿಠಾಯಿ ಮಾಡುವವನು. ಅವಳು ದಂತ ಕಾಲೇಜಿನ ಪ್ರಯೋಗಾಲಯದಲ್ಲಿ ಹುಳುಕು ಹಲ್ಲಿಗೆ ತುಂಬುವ ರೆಸಿನ್ ಕಲಸುವವಳು. ಗಂಡ ತೋಡಿದ್ದನ್ನು ಹೆಂಡತಿ ಮುಚ್ಚುತ್ತಾಳೆ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು.

ಆ ರೆಸಿನ್‌ಗೆ ಬೆಳಕು ಸೋಕಿದರೆ ಸಾಕು, ಕಲ್ಲಾಗಿ ಕೂರುತ್ತದೆ. ಹಾಗಾಗಿ ಕೋಣೆಗೆ ಕಿಟಕಿಯಿಲ್ಲ. ಹಗಲೆಲ್ಲ ಕಿತ್ತಳೆ ಬಣ್ಣದ ಮಂಕು ದೀಪ. ಆ ದೀಪದಡಿ ಬದುಕಿದ್ದವರು ಹೆಣದ ಹಾಗೆ ಕಾಣುತ್ತಾರೆ, ಹಲ್ಲುಗಳು ಮಾತ್ರ ಬದುಕಿದ್ದ ಹಾಗೆ. ಗೋಡೆಯುದ್ದಕ್ಕೂ ನೀರು ತುಂಬಿದ ಜಾಡಿಗಳು, ಜಾಡಿಗಳ ತುಂಬ ಊರಿನವರು ದಾನ ಕೊಟ್ಟ ಹಲ್ಲುಗಳು. ಹಲ್ಲಿನ ಬ್ಯಾಂಕು ಎಂದು ಹೆಸರು. ಠೇವಣಿ ಇಡಬಹುದು, ಹಿಂತೆಗೆಯುವಂತಿಲ್ಲ. ಒಳಗೆ ಬಂದ ಹಲ್ಲಿಗೆ ಹೆಸರಿಲ್ಲ. ಯಾರದೆಂದು ಯಾರಿಗೂ ತಿಳಿಯಬಾರದು ಎನ್ನುವುದೇ ಕಟ್ಟಳೆ.

ಅನ್ಸೆಲ್ಮೊನಿಗೆ ದಂತವೈದ್ಯರೆಂದರೆ ನಡುಕ. ದವಡೆ ಹಲ್ಲಿನ ತೂತಿನಲ್ಲಿ ಲವಂಗ ಇಟ್ಟುಕೊಂಡೇ ವರ್ಷಗಟ್ಟಲೆ ಕಾಲ ತಳ್ಳಿದ. ಮುತ್ತಿಗೂ ಲವಂಗದ ವಾಸನೆ, ಜಗಳಕ್ಕೂ ಲವಂಗದ ವಾಸನೆ. ಕೊನೆಗೆ ಕೆನ್ನೆ ಊದಿ ಕೀಳಿಸಿಕೊಂಡಾಗ ಹಲ್ಲನ್ನು ಬ್ಯಾಂಕಿಗೇ ಕೊಟ್ಟ.

"ಮುದುಕಿ, ಇನ್ಮೇಲೆ ನಾನೂ ನಿನ್ ಜೊತೆ ಡ್ಯೂಟಿಗೆ ಬರ್ತೀನಿ," ಎಂದು ಹತ್ತಿ ಕಚ್ಚಿಕೊಂಡೇ ನಕ್ಕಿದ್ದ.

ಆ ಚಳಿಗಾಲದಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಸ್ಮಶಾನದಲ್ಲಿ ಶವವಿಟ್ಟು ಫಲಕ ಮುಚ್ಚುವ ಗೋಡೆಗೂಡಿನಲ್ಲಿ ಅವನನ್ನಿಟ್ಟು ಬಂದ ದಿನದಿಂದ ಒಡಿಲಾಳಿಗೆ ಒಂದೇ ಕೊರಗು. ಮೈಯೆಲ್ಲ ಅಲ್ಲಿ, ಹಲ್ಲೊಂದು ಇಲ್ಲಿ. ಗಂಡನನ್ನು ಕಂತಿನ ಮೇಲೆ ಹೂಳಿದಂತಾಗಿತ್ತು. ಲೋಕದ ಕೊನೆಯ ದಿನ ಸತ್ತವರೆಲ್ಲ ಎದ್ದಾಗ ಅವನು ಹಲ್ಲು ಹುಡುಕುತ್ತ ಈ ಕೋಣೆಗೆ ಬಂದರೆ? ಆ ಹಲ್ಲನ್ನು ಅವನಿಗೆ ಮುಟ್ಟಿಸಬೇಕು. ಆದರೆ ಯಾವುದು? ಜಾಡಿಯೊಳಗೆ ಎಲ್ಲವೂ ಒಂದೇ ಥರ ಹಲ್ಲು ಕಿರಿಯುತ್ತಿದ್ದವು.

ಆಗ ಬ್ಯಾಂಕಿನ ಹಲ್ಲುಗಳಲ್ಲೇ ಹೊಸ ರೆಸಿನ್ನಿನ ಪರೀಕ್ಷೆ ಶುರುವಾಗಿತ್ತು. ಹಳೆಯದನ್ನು ಪದರ ಪದರವಾಗಿ ತುಂಬಬೇಕು, ರೋಗಿ ಬಾಯಿ ತೆರೆದೇ ಸೋಲಬೇಕು. ಹೊಸದು ಒಂದೇ ಸಲದ ನೀಲಿ ಬೆಳಕಿಗೆ ತಳದವರೆಗೂ ಗಟ್ಟಿಯಾಗಬೇಕಿತ್ತು. ಎಲ್ಲ ಹಲ್ಲುಗಳಲ್ಲೂ ಆಯಿತು, ಒಂದನ್ನು ಬಿಟ್ಟು. ಮೇಲೆ ಗಟ್ಟಿ, ಹಲ್ಲನ್ನು ಎರಡಾಗಿ ಕತ್ತರಿಸಿ ತಳಕ್ಕೆ ಸೂಜಿ ಚುಚ್ಚಿದರೆ, ಒಳಗಿನಿಂದ ಯಾರೋ ಚೀಪುತ್ತಿದ್ದ ಹಾಗೆ ಮೆತ್ತಗೆ ಎಳೆದುಕೊಂಡಿತು.

"ದೀಪದ್ದೇ ತೊಂದ್ರೆ," ಎಂದಳು ಪರೀಕ್ಷೆ ನಡೆಸುತ್ತಿದ್ದ ಹುಡುಗಿ ವಯಸ್ಸಿನ ಡಾಕ್ಟರು ತಲೀತಾ. ದೀಪ ಬದಲಿಸಿ ಉಳಿದರ್ಧಕ್ಕೆ ತುಂಬಿದರು. ಅದೇ ಕತೆ. ಒಡಿಲಾ ಹಲ್ಲನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಮೂಸಿದಳು.

"ಡೋನಾ ಒಡಿಲಾ, ಯಾಕೆ ಮುಖ ಬಿಳುಚ್ಕೊಂಡಿದೆ?"

"ಈ ದೀಪದಲ್ಲಿ ಬಿಳಿ ಎಲ್ಲಿಂದ ಬರ್ಬೇಕು ಮಗಳೇ? ಲವಂಗ ಇದು. ಮೂಸಿ ನೋಡು."

"ನಂಗೇನೂ ಬರ್ತಿಲ್ಲಪ್ಪ. ಆದ್ರೆ ಲವಂಗದೆಣ್ಣೆ ಇಳಿದಿದ್ರೆ ರೆಸಿನ್ ಗಟ್ಟಿಯಾಗಲ್ಲ, ಅದು ನಿಜ. ಎಸೆದ್ಬಿಡಿ, ಬೇರೆ ತಗೊಳ್ಳೋಣ."

"ಎಸೆದಿದ್ದು ಸುಡೋಕೆ ಹೋಗತ್ತೆ."

"ಹೋಗ್ಲಿ. ಯಾಕೆ?"

"ಅದು ನಮ್ಮ ಅನ್ಸೆಲ್ಮೊ."

ತಲೀತಾ ಬೆನ್ನು ತಿರುಗಿಸಿ, ಆಗಷ್ಟೇ ತೊಳೆದಿದ್ದ ಕೈಗಳನ್ನು ಮತ್ತೆ ತೊಳೆಯತೊಡಗಿದಳು.

ಭಾನುವಾರ ಮಧ್ಯಾಹ್ನವೂ ಮಂಜು ಬಿಟ್ಟಿರಲಿಲ್ಲ. ಗೋಡೆಗೂಡಿನ ಫಲಕದ ಬಿರುಕಿನೊಳಗೆ ಒಡಿಲಾ ಹಲ್ಲಿನ ಎರಡೂ ಚೂರುಗಳನ್ನು ತೂರಿಸಿದಳು. ಒಳಗೆಲ್ಲೋ ಟಕ್ಕೆಂದಿತು. "ತಗೊ, ಇನ್ನು ಬಾಯ್ಮುಚ್ಕೊಂಡು ಮಲ್ಕೊ," ಎಂದು ಮನೆಗೆ ಬಂದು ಒಬ್ಬಳೇ ಮಾತೆ ಎಂಬ ಕಹಿ ಎಲೆಚಹಾ ಹೀರಿದಳು. ಅಂದು ಅವಳಿಗೆ ಒಳ್ಳೆಯ ನಿದ್ದೆ.

ಸೋಮವಾರ ಬದಲಿ ಹಲ್ಲಿಗೆ ರೆಸಿನ್ ತುಂಬಿ ನೀಲಿ ಬೆಳಕು ಹಿಡಿದರು. ಕತ್ತರಿಸಿ ಚುಚ್ಚಿದರೆ ಸೂಜಿ ಸರಕ್ಕನೆ ಇಳಿಯಿತು. ಲವಂಗ. ಈ ಸಲ ತಲೀತಾಳಿಗೂ ವಾಸನೆ ಬಂತು.

"ಇದೂನಾ?" ಎಂದಳು ಒಡಿಲಾ.

"ನಮ್ಮೂರಲ್ಲಿ ಲವಂಗ ಇಟ್ಕೊಳ್ದೇ ಇರೋ ಬಾಯಿ ಯಾವ್ದಿದೆ ಡೋನಾ ಒಡಿಲಾ? ನಮ್ಮಜ್ಜಿನೂ ಇಟ್ಕೋತಿದ್ಲು. ಕುಂಬಳಕಾಯಿ ಮಿಠಾಯಿಗೆ ಹಾಕಿ ಉಳಿದಿದ್ದೆಲ್ಲ ಹಲ್ಲಿಗೇ."

"ಹಾಗಾದ್ರೆ ನಿನ್ನೆ ನನ್ ಗಂಡನ ಜೊತೆ ಯಾರನ್ನ ಇಟ್ಟು ಬಂದೆ ನಾನು?"

ಹಿಂದಿನ ಜಾಡಿಯೊಂದರಲ್ಲಿ ಗುಳ್ಳೆಯೊಂದು ಮೇಲೆದ್ದಿತು. ಹಲ್ಲೊಂದು ಮೆಲ್ಲಗೆ ಮಗ್ಗುಲು ಬದಲಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಇದನ್ನೂ ಒಯ್ದು ತೂರಿಸಬಹುದಿತ್ತು. ಆದರೆ ಮುಂದಿನದು? ಅದರ ಮುಂದಿನದು? ಊರಿನ ಹುಳುಕೆಲ್ಲ ಅನ್ಸೆಲ್ಮೊನ ತಲೆದಿಂಬಿಗೆ ಬಂದು ಸೇರುತ್ತಿತ್ತು. ಒಡಿಲಾ ಆ ಹಲ್ಲನ್ನು ಒಂದು ಪುಟ್ಟ ಜಾಡಿಗೆ ಹಾಕಿ ನೀರೆರೆದಳು. ಗಟ್ಟಿಯಾಗದ ಹಲ್ಲುಗಳೆಲ್ಲ ಈಗ ಅಲ್ಲೇ ಇರುತ್ತವೆ. ಒಂದೂ ಸುಡಲು ಹೋಗುವುದಿಲ್ಲ.

ಲವಂಗ ಸೋಕಿದರೂ ಗಟ್ಟಿಯಾಗುವ ರೆಸಿನ್ ಮಾಡಲು ತಲೀತಾ ಹೊರಟಿದ್ದಾಳೆ. ಕಲಸಿಕೊಡುವವಳು ಒಡಿಲಾಳೇ, ಸ್ವಲ್ಪವೂ ಅವಸರವಿಲ್ಲದೆ.

ಬೆಳಗ್ಗೆ ಬಾಗಿಲು ತೆರೆದವಳು ದೀಪ ಹಾಕುವ ಮೊದಲು ಕತ್ತಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಕೆಲವು ದಿನ ಏನೂ ಇರುವುದಿಲ್ಲ. ಕೆಲವು ದಿನ ಲವಂಗ ಇರುತ್ತದೆ.

"ಸರಿ, ಡ್ಯೂಟಿಗೆ ಬಂದ್ಯಲ್ಲ," ಎಂದು ದೀಪ ಹಾಕುತ್ತಾಳೆ.